ಹೊಳೆಬದಿಯಲ್ಲಿ ಏಡಿ ಹಿಡಿಯುವುದು: ಕಾಸರಗೋಡಿನ ಹೊಸಬರಿಗೆ, ಬಳೆಬಲೆಯಿಂದ ಬಾಣಲೆಯವರೆಗೆ

ಏಡಿ ಹಿಡಿಯಲು ದೋಣಿ ಬೇಡ, ದುಬಾರಿ ಗಾಳವೂ ಬೇಡ. ಒಂದು ಕಬ್ಬಿಣದ ಬಳೆ, ಬಲೆಯ ತುಂಡು, ಎರಡು ಬಂಗುಡೆ ತಲೆ ಇದ್ದರೆ ಕೆಲಸ ಶುರು ಮಾಡಬಹುದು. ಆದರೂ ಹೊಸಬರಲ್ಲಿ ಹೆಚ್ಚಿನವರು ಮೊದಲ ಎರಡು ಮೂರು ಸಲ ಬರಿಗೈಯಲ್ಲಿ ಮನೆಗೆ ಬರುತ್ತಾರೆ. ತಪ್ಪು ಬಲೆಯದ್ದೂ ಅಲ್ಲ, ಎರೆಯದ್ದೂ ಅಲ್ಲ. ಹೆಚ್ಚಾಗಿ ನೀರಿನ ಹೊತ್ತು ತಪ್ಪಿರುತ್ತದೆ. ಭಾನುವಾರ ಬೆಳಿಗ್ಗೆ ಬಿಡುವಿದೆ ಎಂದು ಹೊಳೆಗೆ ಹೋಗುತ್ತೇವೆ, ಅಷ್ಟು ಹೊತ್ತಿಗೆ ನೀರು ಅರ್ಧ ಇಳಿದಿರುತ್ತದೆ. ಏಡಿಗೆ ನಮ್ಮ ಭಾನುವಾರ ಗೊತ್ತಿಲ್ಲ.

ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಸಮುದ್ರದ ಕಡೆಯ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಮನೆಯ ಪಾತ್ರೆಗೆ ನಾಲ್ಕು ಏಡಿ ಬೇಕೆನ್ನುವವರಿಗೆ ಮಾತ್ರ. ಮಾರಾಟಕ್ಕೆ ಹಿಡಿಯುವವರ ದಾರಿ ಬೇರೆ.

ಯಾವ ಏಡಿ?

ಕನ್ನಡದಲ್ಲಿ ಏಡಿ, ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ಮಲಯಾಳದಲ್ಲಿ ಞಂಡ್. ಮಂಜೇಶ್ವರದಲ್ಲಿ 'ಡೆಂಜಿ ಉಂಡಾ' ಎಂದು ಕೇಳಿದರೆ ದಾರಿ ತೋರಿಸುವವರು, ಚಂದ್ರಗಿರಿ ದಾಟಿದ ಮೇಲೆ 'ಞಂಡ್' ಎಂದರೇ ಬಾಯಿ ಬಿಡುವುದು.

ಅಳಿವೆಯ ಒಳಗಿನ ಹಿನ್ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಸಿಗುವುದು ಕೆಸರೇಡಿ. ಇದರಲ್ಲಿ ಎರಡು ಜಾತಿ. ದೊಡ್ಡದು ಹಸಿರು ಛಾಯೆಯದು, ಕಾಲುಗಳ ಮೇಲೆ ಜೇನುಗೂಡಿನಂಥ ಗೆರೆಗಳಿರುತ್ತವೆ, ಇಕ್ಕಳದ ಮಣಿಕಟ್ಟಿನ ಹೊರಬದಿಯಲ್ಲಿ ಎರಡು ಚೂಪು ಮುಳ್ಳುಗಳು. ಚಿಕ್ಕದು ಕಂದು ಬಣ್ಣದ್ದು, ಇಕ್ಕಳದಲ್ಲಿ ಕಿತ್ತಳೆ ಛಾಯೆ. ಅದೇ ಜಾಗದ ಮುಳ್ಳು ಅದಕ್ಕೆ ಮೊಂಡು, ಅಥವಾ ಇರುವುದೇ ಇಲ್ಲ. ಈ ವ್ಯತ್ಯಾಸ ಪಾಂಡಿತ್ಯಕ್ಕೆ ಹೇಳಿದ್ದಲ್ಲ. ಯಾವ ಅಳತೆಯ ಏಡಿ ಬೆಳೆದದ್ದು, ಯಾವುದು ಮರಿ ಎಂಬುದು ಜಾತಿಯ ಮೇಲೆ ನಿಂತಿದೆ. ಅಂಗೈಯಗಲದ ಕಂದು ಏಡಿ ಪೂರ್ತಿ ಬೆಳೆದಿರಬಹುದು, ಅಷ್ಟೇ ಅಗಲದ ಹಸಿರು ಏಡಿ ಇನ್ನೂ ಮರಿ.

ಅಳಿವೆಯ ಹತ್ತಿರ, ಮರಳು ತಳವಿರುವಲ್ಲಿ ನೀಲಿ ಏಡಿ, ಬೆನ್ನ ಮೇಲೆ ಮೂರು ಚುಕ್ಕೆಯ ಏಡಿ, ಒಮ್ಮೊಮ್ಮೆ ಶಿಲುಬೆ ಗುರುತಿನ ಏಡಿ ಬರುತ್ತವೆ. ಇವುಗಳ ಚಿಪ್ಪು ತೆಳು, ಮಾಂಸ ಸಿಹಿ, ಆದರೆ ನೀರಿನಿಂದ ಹೊರಬಂದರೆ ಬೇಗ ಸಾಯುತ್ತವೆ. ಕೆಸರೇಡಿಯ ಗಟ್ಟಿ ಜೀವ ಇವಕ್ಕಿಲ್ಲ.

ಬಂಡೆಗಳ ಸಂದಿನಲ್ಲಿ ಕಾಣುವ ಚಿತ್ತಾರದ ಚಿಪ್ಪಿನ, ಇಕ್ಕಳದ ತುದಿ ಕಪ್ಪಗಿರುವ, ಮೊಂಡು ದೇಹದ ಏಡಿಗಳನ್ನು ಮಾತ್ರ ಮುಟ್ಟಬೇಡಿ. ಆ ಗುಂಪಿನ ಕೆಲವು ಜಾತಿಗಳಲ್ಲಿ ಬೇಯಿಸಿದರೂ ಹೋಗದ ವಿಷವಿದೆ. ಹೆಸರು ಗೊತ್ತಿಲ್ಲದ ಏಡಿಯನ್ನು ತಿನ್ನುವುದಿಲ್ಲ ಎಂಬ ಒಂದೇ ನಿಯಮ ಸಾಕು.

ನೀರು ಓದುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನ ಉಬ್ಬರಕ್ಕೆ ಸುಮಾರು 6 ಗಂಟೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ನೀರು ತುಂಬಿದ್ದರೆ ನಾಳೆ 7ರ ಹತ್ತಿರ.

ನೀರು ಏರುವಾಗ ಕೆಸರೇಡಿ ಬಿಲದಿಂದ, ಆಳದ ಗುಂಡಿಯಿಂದ ಹೊರಟು ಅದರ ಜೊತೆಗೇ ದಡದತ್ತ, ಕಾಂಡ್ಲಾ ಬೇರುಗಳ ನಡುವೆ ಮೇಯಲು ಬರುತ್ತದೆ. ನಿಮ್ಮ ಎರೆಯ ವಾಸನೆಯನ್ನು ಹೊತ್ತೊಯ್ಯುವುದೂ ಹರಿವ ನೀರೇ. ಅದಕ್ಕೇ ಇಳಿತ ಮುಗಿದು ನೀರು ತಿರುಗಿದ ಮೇಲಿನ ಒಂದು ಗಂಟೆಯಿಂದ ಹಿಡಿದು ಉಬ್ಬರ ತುಂಬಿ ನಿಲ್ಲುವವರೆಗಿನ ಹೊತ್ತು ಬಂಗಾರ. ತುಂಬಿ ನಿಂತ ನೀರಿನಲ್ಲಿ ಅರ್ಧ ಗಂಟೆ ಕಾದು ನೋಡಬಹುದು. ನೀರು ರಭಸದಿಂದ ಇಳಿಯುವಾಗ ದಡದಲ್ಲಿ ಕೂತರೆ ಸೊಳ್ಳೆ ಕಡಿತವೇ ಲಾಭ. ಒಂದು ಅಪವಾದ ಇದೆ: ಸಣ್ಣ ತೋಡು ಹೊಳೆಗೆ ಸೇರುವ ಬಾಯಿ. ಒಳಗೆ ಮೇಯಲು ಹೋದ ಏಡಿಗಳು ಇಳಿತದ ಮೊದಲ ಗಂಟೆಯಲ್ಲಿ ಅದೇ ಬಾಯಿಯಿಂದ ಹೊರಬರಬೇಕು.

ಹೊತ್ತು ತಿಳಿಯಲು ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆಯ ಉಬ್ಬರವಿಳಿತ ಮಾಹಿತಿ ಫೋನಿನಲ್ಲೇ ಸಿಗುತ್ತದೆ. ಆದರೆ ಅಲ್ಲಿ ಕೊಟ್ಟ ಗಂಟೆ ಸಮುದ್ರದ್ದು. ಹೊಳೆಯೊಳಗೆ ಹೋದಂತೆ ಉಬ್ಬರ ತಡವಾಗುತ್ತದೆ, ಅಳಿವೆ ಮರಳಿನಿಂದ ಕಿರಿದಾಗಿದ್ದರೆ ಇನ್ನೂ ತಡ. ನೀವು ಹೋಗುವ ಜಾಗದಲ್ಲಿ ಒಂದು ದಿನ ಬಲೆ ಇಲ್ಲದೆ ಹೋಗಿ, ದಡದಲ್ಲಿ ಕೋಲು ನೆಟ್ಟು, ನೀರು ಎಷ್ಟು ಗಂಟೆಗೆ ತಿರುಗಿತು ಎಂದು ಬರೆದುಕೊಳ್ಳಿ. ಪಟ್ಟಿಯ ಗಂಟೆಗೂ ನಿಮ್ಮ ಕೋಲಿನ ಗಂಟೆಗೂ ಇರುವ ಅಂತರವನ್ನು ಮುಂದೆ ಕೂಡಿಸಿಕೊಂಡು ಹೋದರಾಯಿತು. ಮಳೆಗಾಲದ ನಂತರ ಅಳಿವೆಯ ಆಕಾರ ಬದಲಾಗುತ್ತದೆ, ಆಗ ಮತ್ತೊಮ್ಮೆ ಕೋಲು ನೆಡಿ.

ಪಂಚಾಂಗ ನೋಡುವ ಅಭ್ಯಾಸ ಇದ್ದವರಿಗೆ ಇನ್ನೊಂದು ಅನುಕೂಲ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಪಾಡ್ಯ, ಬಿದಿಗೆಯ ಹೊತ್ತಿಗೆ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಸೆಳೆತ ಜೋರು, ಹಗುರ ಬಲೆ ನಿಲ್ಲುವುದಿಲ್ಲ. ಅಷ್ಟಮಿ, ನವಮಿಯ ಸುಮಾರಿಗೆ ನೀರಿಗೆ ಜೀವವೇ ಇರುವುದಿಲ್ಲ, ವಾಸನೆ ದೂರ ಹೋಗದು. ಹೊಸಬರಿಗೆ ಇವೆರಡರ ನಡುವಿನ ದಿನಗಳು ಒಳ್ಳೆಯದು: ಪಂಚಮಿ, ಷಷ್ಠಿ ಅಥವಾ ದ್ವಾದಶಿ, ತ್ರಯೋದಶಿ. ಅದರಲ್ಲೂ ಸಂಜೆಗತ್ತಲಿಗೆ ನೀರು ಏರುವ ದಿನ ಸಿಕ್ಕರೆ ಬಿಡಬೇಡಿ. ಕೆಸರೇಡಿ ಬೆಳಕು ಕಡಿಮೆಯಾದಾಗಲೇ ಧೈರ್ಯವಾಗಿ ಓಡಾಡುವುದು.

ಋತುವಿನ ಮಾತು ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯಲ್ಲಿ ಕೆಂಪು ಸಿಹಿನೀರು, ಸೆಳೆತ ಅಪಾಯಕಾರಿ, ಏಡಿಗಳು ಉಪ್ಪು ಹುಡುಕಿ ಅಳಿವೆಯ ಕಡೆಗೆ ಸರಿದಿರುತ್ತವೆ. ಬಲೆ ಹೆಣೆಯಲು ಒಳ್ಳೆಯ ಕಾಲ. ಅಕ್ಟೋಬರ್ ಕೊನೆಯಿಂದ ಉಪ್ಪು ಮೆಲ್ಲಗೆ ಮೇಲೇರುತ್ತದೆ, ಮೇ ಹೊತ್ತಿಗೆ ಬಹಳ ಒಳಗಿನವರೆಗೂ ಬಂದಿರುತ್ತದೆ. ಪಯಸ್ವಿನಿ ಎಂದೂ ಕರೆಯುವ ಚಂದ್ರಗಿರಿ ಹೊಳೆಯಲ್ಲಿ ಬಾವಿಕ್ಕೆರೆಯ ಕಟ್ಟೆಯೇ ಉಪ್ಪುನೀರಿಗೆ ತಡೆ. ಅದರ ಮೇಲ್ಗಡೆ ಕೆಸರೇಡಿಗೆ ಕಾಯುವುದು ವ್ಯರ್ಥ.

ಬಳೆಬಲೆ ಕಟ್ಟುವುದು

ಏಡಿ ಹಿಡಿಯಲು ಹಲವು ದಾರಿಗಳಿವೆ. ಬಿಲಕ್ಕೆ ಕೊಕ್ಕೆ ತೂರಿಸಿ ಎಳೆಯುವುದು ಪಳಗಿದವರ ಕೆಲಸ. ಹೊಸಬರ ಕೈಯಲ್ಲಿ ಏಡಿಯ ಕಾಲು ಮುರಿಯುತ್ತದೆ, ಕಾಂಡ್ಲಾ ಬೇರು ಹಾಳಾಗುತ್ತದೆ, ಬಿಲದಲ್ಲಿ ಕೆಲವೊಮ್ಮೆ ಏಡಿಯ ಬದಲು ಹಾವು ಇರುತ್ತದೆ. ಮುಚ್ಚಿದ ಪೆಟ್ಟಿಗೆ ಬೋನು ಒಳ್ಳೆಯ ಸಾಧನವೇ, ಆದರೆ ಹಗ್ಗ ಕಡಿದು ಕಳೆದುಹೋದರೆ ಒಳಗೆ ಬಿದ್ದ ಏಡಿ ಸಾಯುತ್ತದೆ, ಅದರ ವಾಸನೆಗೆ ಇನ್ನೊಂದು ಬಂದು ಬೀಳುತ್ತದೆ, ಹೀಗೆ ತಿಂಗಳುಗಟ್ಟಲೆ ಯಾರಿಗೂ ಬೇಡದ ಬೇಟೆ ನಡೆಯುತ್ತದೆ. ಬೋನೇ ಬೇಕೆಂದರೆ ಅದರ ಬಾಗಿಲನ್ನು ನೈಲಾನಿನಲ್ಲಿ ಕಟ್ಟದೆ ತೆಳು ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿ. ಕಳೆದುಹೋದರೂ ಹುರಿ ಕೊಳೆತು ಬಾಗಿಲು ಬಿಚ್ಚಿಕೊಳ್ಳುತ್ತದೆ.

ಕಲಿಯಲು ಬಳೆಬಲೆಯಷ್ಟು ಒಳ್ಳೆಯದು ಬೇರಿಲ್ಲ. ಅಂಗಡಿಯವರು ರಿಂಗ್ ಬಲೆ ಎನ್ನುತ್ತಾರೆ. ತಳದಲ್ಲಿ ಚಪ್ಪಟೆಯಾಗಿ ಮಲಗಿರುತ್ತದೆ, ಏಡಿ ಬಂದು ಎರೆ ಹಿಡಿದಾಗ ಎತ್ತಿದರೆ ಬುಟ್ಟಿಯಾಗುತ್ತದೆ. ನೀವು ಎತ್ತದಿದ್ದರೆ ಏಡಿ ತಿಂದು ಹೋಗುತ್ತದೆ, ಸಾಯುವುದಿಲ್ಲ.

1. 8 ಮಿ.ಮೀ. ಕಬ್ಬಿಣದ ಸರಳು 1.6 ಮೀಟರ್ ಕತ್ತರಿಸಿ ಬಗ್ಗಿಸಿದರೆ ಸುಮಾರು 50 ಸೆಂ.ಮೀ. ಅಡ್ಡಗಲದ ಬಳೆ ಆಗುತ್ತದೆ. ಮನೆ ಕಟ್ಟುವಲ್ಲಿ ಉಳಿದ ತುಂಡು ಸಾಕು. ತೂಕ 600 ಗ್ರಾಂ ಚಿಲ್ಲರೆ. 6 ಮಿ.ಮೀ. ಸರಳಿನ ಬಳೆ ಇದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ, ಸೆಳೆತಕ್ಕೆ ಹೊರಳುತ್ತದೆ. ತುದಿಗಳನ್ನು ವೆಲ್ಡ್ ಮಾಡಿಸಿ. ತಂತಿಯಲ್ಲಿ ಕಟ್ಟಿದ ಜೋಡಣೆ ಬಲೆಯನ್ನೂ ಬೆರಳನ್ನೂ ಹರಿಯುತ್ತದೆ.

2. ಬಳೆಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ತುಕ್ಕು ನೈಲಾನನ್ನು ತಿನ್ನುವುದು ತಪ್ಪುತ್ತದೆ.

3. ದಪ್ಪ ನೂಲಿನ, 4ರಿಂದ 5 ಸೆಂ.ಮೀ. ಕಣ್ಣಿನ ಬಲೆ ತೆಗೆದುಕೊಳ್ಳಿ. ಕೂದಲಿನಂಥ ತೆಳು ನೈಲಾನು ಬೇಡ. ಏಡಿ ಅದರಲ್ಲಿ ಸುತ್ತಿಕೊಂಡರೆ ಒಂದನ್ನು ಬಿಡಿಸುವಷ್ಟರಲ್ಲಿ ಉಬ್ಬರ ಮುಗಿದಿರುತ್ತದೆ. ಬಳೆಗೆ ಹೊಲಿದ ಮೇಲೆ ನಡುವೆ 15ರಿಂದ 20 ಸೆಂ.ಮೀ. ಜೋಲು ಉಳಿಯಬೇಕು. ಬಿಗಿಯಾದರೆ ಏಡಿ ಅಂಚಿನಿಂದ ಜಾರುತ್ತದೆ, ಹೆಚ್ಚು ಜೋತರೆ ಬಲೆ ಬೇರಿಗೆ ಸಿಕ್ಕುತ್ತದೆ.

4. ಬಳೆಯ ಸುತ್ತ ಸಮ ಅಂತರದಲ್ಲಿ ಮೂರು ಕಡೆ, ತಲಾ 50 ಸೆಂ.ಮೀ. ಹಗ್ಗ ಕಟ್ಟಿ, ಮೂರನ್ನೂ ಮೇಲೆ ಒಂದು ಗಂಟಿನಲ್ಲಿ ಸೇರಿಸಿ. ಗಂಟು ಹಿಡಿದು ಎತ್ತಿದಾಗ ಬಳೆ ತಟ್ಟೆಯಂತೆ ಮಟ್ಟವಾಗಿ ನಿಲ್ಲಬೇಕು. ಒಂದು ಬದಿ ಓರೆಯಾದರೆ ಏಡಿ ಆ ಬದಿಯಿಂದಲೇ ಇಳಿದು ಹೋಗುತ್ತದೆ. ನಾಲ್ಕು ಹಗ್ಗ ಕಟ್ಟಿದರೆ ಒಂದು ಸದಾ ಸಡಿಲ ಬೀಳುತ್ತದೆ, ಮೂರೇ ಸರಿ.

5. ಎತ್ತುವ ಹಗ್ಗ 8ರಿಂದ 10 ಮೀಟರ್, ಅಂಗೈಗೆ ಕುಯ್ಯದಷ್ಟು ದಪ್ಪದ್ದು. ನೈಲಾನ್ ಹಗ್ಗ ಮುಳುಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ತೇಲುತ್ತದೆ, ಹೋಗುವ ದೋಣಿಯ ಪಂಖಕ್ಕೆ ಸಿಕ್ಕಿ ಜಗಳವಾಗುತ್ತದೆ. ತೇಲುವ ಹಗ್ಗವೇ ಇದ್ದರೆ ನಡುವೆ ಒಂದೆರಡು ಹಳೆ ನಟ್ಟು ಪೋಣಿಸಿ. ತುದಿಯನ್ನು ದಡದ ಗೂಟಕ್ಕೆ ಬಿಗಿಯಿರಿ. ಗುರುತಿಗೆ ತೇಲುವ ಬುಂಡೆ ಬೇಕಾದರೆ ಒಣಗಿದ ಇಡೀ ತೆಂಗಿನಕಾಯಿ ಸಾಕು, ಥರ್ಮೋಕೋಲ್ ಪುಡಿಯಾಗಿ ಹೊಳೆಗೆ ಸೇರುತ್ತದೆ.

ಒಬ್ಬರಿಗೆ ನಾಲ್ಕೈದು ಬಲೆ ಸಾಕು. ಐದನೆಯದನ್ನು ಇಳಿಸಿ ಹಿಂದಿರುಗುವಾಗ ಮೊದಲನೆಯದನ್ನು ಎತ್ತುವ ಹೊತ್ತಾಗಿರುತ್ತದೆ. ಹತ್ತು ಬಲೆ ಹಾಕಿದವರು ಐದರ ಏಡಿಗಳಿಗೆ ಪುಕ್ಕಟೆ ಊಟ ಹಾಕುತ್ತಾರೆ, ಅಷ್ಟೆ.

ಬಲೆ ಕಟ್ಟುವ ತಾಳ್ಮೆ ಇಲ್ಲದವರಿಗೆ, ಮಕ್ಕಳಿಗೆ, ನೀರು ತಿಳಿಯಾಗಿರುವ ಮರಳು ದಡದಲ್ಲಿ ಬರೀ ನೂಲೂ ನಡೆಯುತ್ತದೆ. 3–4 ಮೀಟರ್ ಗಟ್ಟಿ ನೂಲಿಗೆ ಕೋಳಿ ಕುತ್ತಿಗೆ ಕಟ್ಟಿ, ಪಕ್ಕದಲ್ಲಿ 50 ಗ್ರಾಂ ತೂಕದ ಗುಂಡು ಅಥವಾ ಕಲ್ಲು ಕಟ್ಟಿ ಇಳಿಸಿ. ಮೀನು ಕಚ್ಚಿದರೆ ನೂಲು ಕುಟುಕುತ್ತದೆ, ಏಡಿ ಹಿಡಿದರೆ ಒಂದೇ ಸಮ ಭಾರವಾಗಿ ಪಕ್ಕಕ್ಕೆ ಸರಿಯುತ್ತದೆ. ಆಗ ಗೇಣು ಗೇಣಾಗಿ ಎಳೆಯಿರಿ. ಏಡಿ ಕಣ್ಣಿಗೆ ಕಂಡ ಕೂಡಲೇ ನಿಲ್ಲಿಸಿ, ನೀರಿನ ಮೇಲಕ್ಕೆ ತರಬೇಡಿ. ಉದ್ದ ಹಿಡಿಕೆಯ ಕೈಬಲೆಯನ್ನು ಅದರ ಹಿಂದಿನಿಂದ, ಅಡಿಯಿಂದ ತಂದು ಮೊಗೆಯಿರಿ. ಎರೆ ಬಿಟ್ಟ ಏಡಿ ಹಿಂದಕ್ಕೆ, ಕೆಳಕ್ಕೆ ಓಡುತ್ತದೆ. ಅದು ಓಡುವ ದಿಕ್ಕಿನಲ್ಲೇ ಬಲೆ ಇರಬೇಕು.

ಎರೆ

ಕೊಳೆತು ನಾರುವ ಎರೆಯೇ ಒಳ್ಳೆಯದು ಎಂಬ ಮಾತು ಕೇಳಿರುತ್ತೀರಿ. ತಪ್ಪು. ಏಡಿ ಸತ್ತದ್ದನ್ನು ತಿನ್ನುತ್ತದೆ ನಿಜ, ಆದರೆ ಹುಳ ಬಿದ್ದದ್ದಕ್ಕಿಂತ ನಿನ್ನೆಯ ಮೀನಿಗೆ ಬೇಗ ಬರುತ್ತದೆ. ಕೊಳೆತದ್ದು ನೀರಿಗೆ ಬಿದ್ದ ಹತ್ತೇ ನಿಮಿಷಕ್ಕೆ ಕರಗಿ ಹೋಗುವ ತೊಂದರೆ ಬೇರೆ.

ಬಂಗುಡೆ, ಬೂತಾಯಿಯ ಎಣ್ಣೆ ವಾಸನೆ ದೂರ ಹೋಗುತ್ತದೆ, ಮಾಂಸ ಮಾತ್ರ ಬೇಗ ಉದುರುತ್ತದೆ. ಕೋಳಿ ಕುತ್ತಿಗೆ, ತೊರಕೆ ಮೀನಿನ ತುಂಡು ಗಟ್ಟಿ, ವಾಸನೆ ಕಡಿಮೆ. ಹಾಗಾಗಿ ಎರಡನ್ನೂ ಸೇರಿಸಿ: ಒಂದು ಬಂಗುಡೆ ತಲೆ, ಒಂದು ಕೋಳಿ ಕುತ್ತಿಗೆ, ಒಟ್ಟು 150ರಿಂದ 200 ಗ್ರಾಂ ಒಂದು ಬಲೆಗೆ. ಮೀನು ಮಾರ್ಕೆಟಿನಲ್ಲಿ ಕೊಯ್ದು ಬಿಸಾಡುವ ತಲೆಗಳನ್ನು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಒಂದು ಕಿಲೋ ತಲೆಗೆ ಎರಡು ಹಿಡಿ ಕಲ್ಲುಪ್ಪು ಬೆರೆಸಿ ರಾತ್ರಿ ಇಟ್ಟರೆ ಮಾಂಸ ಬಿಗಿದು, ನೀರಿನಲ್ಲಿ ಹೆಚ್ಚು ಹೊತ್ತು ಬಾಳುತ್ತದೆ.

ಎರೆಯನ್ನು ಬಿಡಿಯಾಗಿ ಕಟ್ಟಿದರೆ ಸಣ್ಣ ಮೀನುಗಳು ಕಿತ್ತು ಮುಗಿಸುತ್ತವೆ, ಇಲ್ಲವೇ ಏಡಿಯೇ ತುಂಡು ಹರಿದುಕೊಂಡು ಹೊರಗೆ ಹೋಗಿ ಆರಾಮವಾಗಿ ತಿನ್ನುತ್ತದೆ. ಈರುಳ್ಳಿ ಬರುವ ಬಲೆಚೀಲದ ತುಂಡಿನಲ್ಲಿ ಎರೆ ಸುತ್ತಿ, ಬಲೆಯ ನಟ್ಟನಡುವೆ ಎರಡು ಕಡೆ ಬಿಗಿದು ಕಟ್ಟಿ. ಏಡಿಗೆ ವಾಸನೆ ಸಿಗುತ್ತದೆ, ತುಂಡು ಸಿಗುವುದಿಲ್ಲ. ಅದು ಅಲ್ಲೇ ಕೂತು ಕೀಳುತ್ತಾ ಇರುತ್ತದೆ, ನಿಮಗೆ ಬೇಕಾದದ್ದೂ ಅದೇ.

ಇಳಿಸುವುದು, ಎತ್ತುವುದು

ಜಾಗ ಆರಿಸುವಾಗ ಆಳ 1ರಿಂದ 2.5 ಮೀಟರ್ ಇರಲಿ, ತಳ ಕೆಸರು ಮರಳು ಬೆರೆತದ್ದಿರಲಿ. ಹೊಳೆ ತಿರುಗುವ ಒಳಬದಿ, ತೋಡಿನ ಬಾಯಿ, ಕಾಂಡ್ಲಾ ಸಾಲಿನ ಹೊರ ಅಂಚು, ಹಳೆಯ ಗದ್ದೆಕಟ್ಟೆಯ ಕಲ್ಲು ಕುಸಿದ ಜಾಗ ನೋಡಿ. ಕಾಂಡ್ಲಾ ಗಿಡದ ಒಳಗೆ ನುಗ್ಗಬೇಡಿ, ಕೊಂಬೆ ಕಡಿಯಬೇಡಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅದಕ್ಕೆ ಬಿಗಿ ರಕ್ಷಣೆ ಇದೆ, ಕಾನೂನು ಬಿಟ್ಟರೂ ಏಡಿ ಮರಿಗಳ ತೊಟ್ಟಿಲು ಅದೇ. ಖಾಸಗಿ ಸಿಗಡಿ ಕೆರೆಯ ತೂಬಿನ ಬಳಿ ಏಡಿ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು, ಒಡೆಯರನ್ನು ಕೇಳದೆ ಹೋಗಬೇಡಿ. ಮೀನುಗಾರರು ನೆಟ್ಟ ಗೂಟ, ಕಟ್ಟಿದ ಬಲೆ ಕಂಡರೆ ಅಲ್ಲಿಂದ ದೂರ ಸರಿಯಿರಿ. ನಮಗೆ ಹವ್ಯಾಸ, ಅವರಿಗೆ ಅನ್ನ.

ಬಲೆಗಳ ನಡುವೆ 8–10 ಮೀಟರ್ ಅಂತರ ಬಿಡಿ. ಬಲೆಯನ್ನು ಎಸೆದರೆ ಮಗುಚಿ ಬೀಳುತ್ತದೆ, ಎರೆ ಅಡಿಗೆ ಹೋಗುತ್ತದೆ. ಹಗ್ಗ ಹಿಡಿದು ಮಟ್ಟವಾಗಿ ಇಳಿಸಿ, ತಳ ಮುಟ್ಟಿದ್ದು ಕೈಗೆ ಗೊತ್ತಾದ ಮೇಲೆ ಇನ್ನರ್ಧ ಮೀಟರ್ ಹಗ್ಗ ಸಡಿಲ ಬಿಡಿ. ಹಗ್ಗ ಬಿಗಿಯಾಗಿದ್ದರೆ ಬಳೆಯ ಒಂದು ಅಂಚು ಎದ್ದು ನಿಲ್ಲುತ್ತದೆ. ಏಡಿ ಅದನ್ನು ಹತ್ತುವ ಗೋಜಿಗೆ ಹೋಗುವುದಿಲ್ಲ.

10ರಿಂದ 15 ನಿಮಿಷ ಕಾಯಿರಿ. ಎರಡೆರಡು ನಿಮಿಷಕ್ಕೆ ಎತ್ತಿ ನೋಡುವ ಚಟ ಎಲ್ಲ ಹೊಸಬರಿಗೂ ಇರುತ್ತದೆ. ಹಾಗೆ ಮಾಡಿದರೆ ದಾರಿಯಲ್ಲಿರುವ ಏಡಿ ಬೆದರಿ ಹಿಂದಿರುಗುತ್ತದೆ.

ಎತ್ತುವುದೇ ಇಡೀ ವಿದ್ಯೆ. ಬಲೆಯ ನೇರ ಮೇಲೆ ನಿಂತು, ಮೊದಲು ಸಡಿಲ ಹಗ್ಗವನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಳ್ಳಿ. ಭಾರ ತಾಗಿತು ಎನ್ನುವಾಗ ಒಂದೇ ಸಲಕ್ಕೆ ಜೋರಾಗಿ ಎಳೆದು, ನಿಲ್ಲಿಸದೆ, ಕೈ ಬದಲಿಸುತ್ತಾ ಮೇಲಕ್ಕೆ ತನ್ನಿ. ಮೊದಲ ಅರ್ಧ ಮೀಟರಿನಲ್ಲೇ ಬಲೆ ಬುಟ್ಟಿಯಾಗಬೇಕು. ನಡುವೆ ಒಂದು ಕ್ಷಣ ನಿಂತರೂ ಏಡಿ ತನ್ನ ಈಜುಗಾಲು, ಅಂದರೆ ಕೊನೆಯ ಜೋಡಿ ಚಪ್ಪಟೆ ಕಾಲು, ಬಡಿದು ಅಂಚು ದಾಟುತ್ತದೆ. ದಡದಿಂದ ದೂರ ಹಾಕಿದ ಬಲೆಯನ್ನು ಓರೆಯಾಗಿ ಎಳೆದರೆ ಬಳೆ ನೆಲ ಕೆರೆಯುತ್ತಾ ಬರುತ್ತದೆ, ಒಳಗಿದ್ದದ್ದು ಹೊರಗೆ. ಕಡಿದಾದ ದಡ, ಕಲ್ಲುಕಟ್ಟೆ, ಸಣ್ಣ ಕಾಲುಸೇತುವೆ ಇದ್ದಲ್ಲಿ ಬಳೆಬಲೆ ಚೆನ್ನಾಗಿ ನಡೆಯುವುದು ಈ ಕಾರಣಕ್ಕೆ. ರೈಲು ಸೇತುವೆ ಬೇಡವೇ ಬೇಡ.

ಎರೆ ಮುಟ್ಟದೆ ಹಾಗೇ ಇದ್ದು ಎರಡು ಸುತ್ತು ಖಾಲಿ ಬಂದರೆ 30 ಮೀಟರ್ ಆಚೆ ಹೋಗಿ. ಎರೆ ಹರಿದಿದ್ದೂ ಏಡಿ ಇಲ್ಲದಿದ್ದರೆ ಜಾಗ ಸರಿ, ನಿಮ್ಮ ಎತ್ತುವಿಕೆ ನಿಧಾನ.

ಹಿಡಿದದ್ದನ್ನು ಹಿಡಿಯುವುದು

ದೊಡ್ಡ ಕೆಸರೇಡಿಯ ಇಕ್ಕಳ ಬೆರಳ ಮೂಳೆ ಮುರಿಯಬಲ್ಲದು. ಬಲೆಯಲ್ಲಿ ಸಿಕ್ಕಿಕೊಂಡ ಏಡಿಯನ್ನು ಕಿತ್ತು ತೆಗೆಯಬೇಡಿ. ಬಲೆಯನ್ನು ಆಳದ ಬಕೆಟಿನ ಮೇಲೆ ಮಗುಚಿ ಅರ್ಧ ನಿಮಿಷ ಸುಮ್ಮನಿದ್ದರೆ ಹೆಚ್ಚಿನವು ತಾವೇ ನೂಲು ಬಿಟ್ಟು ಕೆಳಗೆ ಬೀಳುತ್ತವೆ.

ಕೈಯಲ್ಲಿ ಹಿಡಿಯಲೇಬೇಕಾದರೆ ಒಂದು ಕೋಲಿನಿಂದ ಬೆನ್ನನ್ನು ನೆಲಕ್ಕೆ ಮೆಲ್ಲಗೆ ಒತ್ತಿ, ಹಿಂದಿನಿಂದ ಬನ್ನಿ. ಹೆಬ್ಬೆರಳು ಚಿಪ್ಪಿನ ಮೇಲೆ, ಉಳಿದ ಬೆರಳು ಹೊಟ್ಟೆಯ ಅಡಿ, ಎರಡು ಈಜುಗಾಲುಗಳ ನಡುವೆ. ಇಕ್ಕಳ ಅಲ್ಲಿಗೆ ತಿರುಗಲಾರದು. ಪಕ್ಕದಿಂದ ಹಿಡಿದರೆ ಮಾತ್ರ ತಿರುಗಿ ಕಚ್ಚುತ್ತದೆ.

ಕಟ್ಟಲು 1 ಮೀಟರ್ ಒದ್ದೆ ಬಾಳೆನಾರು ಅಥವಾ ಹುರಿ ಸಾಕು. ನಾರಿನ ನಡುಭಾಗ ಏಡಿಯ ಮುಖದೆದುರು, ಮಡಿಸಿದ ಎರಡೂ ಇಕ್ಕಳಗಳ ಹೊರಗೆ ಬರಲಿ. ಎರಡು ತುದಿಗಳನ್ನೂ ಇಕ್ಕಳಕ್ಕೂ ಮೊದಲ ನಡೆಗಾಲಿಗೂ ನಡುವಿನ ಸಂದಿನಿಂದ ಕೆಳಗೆ ತಂದು, ಹೊಟ್ಟೆಯಡಿ ಅಡ್ಡ ದಾಟಿಸಿ, ಈಜುಗಾಲುಗಳ ಬಳಿ ಮೇಲಕ್ಕೆ ತಂದು ಹಿಂಬದಿಯಲ್ಲಿ ಬಿಗಿದು ಗಂಟು ಹಾಕಿ. ಮೊದಲ ಸಲ ಇಬ್ಬರು ಬೇಕು, ಒಬ್ಬರು ಒತ್ತಿ ಹಿಡಿಯಲು. ಕಟ್ಟಲು ಬಾರದಿದ್ದರೆ ಒಂದೊಂದು ಏಡಿಯನ್ನು ಒಂದೊಂದು ದಪ್ಪ ಬಟ್ಟೆಚೀಲಕ್ಕೆ ಹಾಕಿ. ಒಟ್ಟಿಗೆ ಬಿಟ್ಟರೆ ಪರಸ್ಪರ ಕಾಲು ಮುರಿದುಕೊಳ್ಳುತ್ತವೆ.

ಕಚ್ಚಿದರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಕೈಯನ್ನು ಏಡಿ ಸಮೇತ ನೀರಿಗೆ ಇಳಿಸಿ ಅಲುಗದೆ ನಿಂತರೆ ಸಾಮಾನ್ಯವಾಗಿ ಬಿಟ್ಟು ಓಡುತ್ತದೆ. ಇಕ್ಕಳ ಮುರಿದರೆ ಬಿಡುತ್ತದೆ ಎಂದುಕೊಳ್ಳಬೇಡಿ, ಮುರಿದ ಇಕ್ಕಳವೂ ಹಿಡಿತ ಸಡಿಲಿಸುವುದಿಲ್ಲ. ಆಗ ಅದರ ಅಲುಗುವ ಬೆರಳನ್ನು ಚಾಕುವಿನ ಹಿಡಿಯಿಂದ ಹಿಂದಕ್ಕೆ ಮೀಟಬೇಕು. ಗಾಯವನ್ನು ಶುದ್ಧ ನೀರು, ಸಾಬೂನಿನಲ್ಲಿ ಚೆನ್ನಾಗಿ ತೊಳೆದು, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಉಪ್ಪುನೀರಿನ ಗಾಯ ಬೇಗ ಕೆಡುತ್ತದೆ. ಸಕ್ಕರೆ ಕಾಯಿಲೆ, ಪಿತ್ತಜನಕಾಂಗದ ತೊಂದರೆ ಇರುವವರು ಊತ ಕಂಡರೆ ಮರುದಿನಕ್ಕೆ ಮುಂದೂಡಬಾರದು.

ಯಾವುದನ್ನು ಬಿಡಬೇಕು

ಏಡಿಯನ್ನು ತಿರುಗಿಸಿ ಹೊಟ್ಟೆ ನೋಡಿ. ಮಡಿಸಿಕೊಂಡ ಪಟ್ಟಿ ಕಿರಿದಾಗಿ ಚೂಪಾಗಿದ್ದರೆ ಗಂಡು, ಅರ್ಧ ದೋಸೆಯಂತೆ ಅಗಲವಾಗಿದ್ದರೆ ಬೆಳೆದ ಹೆಣ್ಣು. ಪಟ್ಟಿಯ ಹೊರಗೆ ಕಿತ್ತಳೆ, ಕಂದು ಅಥವಾ ಕಪ್ಪು ಬಣ್ಣದ ಕಾಳುಗಳ ಗೊಂಚಲು ಕಂಡರೆ ಅದು ಮೊಟ್ಟೆ ಹೊತ್ತಿದೆ, ಕಪ್ಪಾದಷ್ಟೂ ಮರಿಯಾಗುವ ಹೊತ್ತು ಹತ್ತಿರ. ಆ ಕ್ಷಣವೇ ನೀರಿಗೆ ಬಿಡಿ. ಕೆಸರೇಡಿಯ ಒಂದು ಗೊಂಚಲಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಮೊಟ್ಟೆ ಇಡಲು ಹೆಣ್ಣು ಸಮುದ್ರಕ್ಕೆ ಹೋಗುವುದರಿಂದ ಅಳಿವೆಯ ಬಳಿ ಹಿಡಿಯುವವರಿಗೆ ಇದು ಹೆಚ್ಚು ಎದುರಾಗುತ್ತದೆ. ಕಾಳುಕಾಳಾಗಿರದೆ ನುಣುಪಾದ ಒಂದೇ ಚೀಲದಂತಿದ್ದರೆ ಅದು ಮೊಟ್ಟೆಯಲ್ಲ, ಏಡಿಯ ಮೈಗೆ ಬೇರು ಬಿಡುವ ಒಂದು ಪರಾವಲಂಬಿ. ಅಂಥ ಏಡಿ ಬಡಕಲು, ತಿನ್ನಲು ಸುಖವಿಲ್ಲ.

ಅಳತೆಗೆ ಬಿದಿರಿನ ಸೀಳಿನಲ್ಲಿ ಗುರುತು ಕೊರೆದು ಜೊತೆಗಿಟ್ಟುಕೊಳ್ಳಿ. ಚಿಪ್ಪಿನ ಅತಿ ಅಗಲದ ಜಾಗದಲ್ಲಿ ಅಡ್ಡಡ್ಡ ಅಳೆಯಬೇಕು. ಹೊಸಬರಿಗೆ ನಾವು ಹೇಳುವುದು: ಹಸಿರು ಕೆಸರೇಡಿ 12 ಸೆಂ.ಮೀ., ಕಂದು ಕೆಸರೇಡಿ 9, ನೀಲಿ ಏಡಿ 10ಕ್ಕಿಂತ ಚಿಕ್ಕದಿದ್ದರೆ ವಾಪಸು. ಕೇರಳ ಸರಕಾರ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು 2017ರಲ್ಲಿ 58 ಜಾತಿಗಳಿಗೆ ವಿಸ್ತರಿಸಿದೆ. ಒಳನಾಡು ನೀರಿನ ಮೀನುಗಾರಿಕೆಗೆ 2010ರ ಕಾಯಿದೆಯೂ ಇದೆ. ಯಾವ ಸಾಧನಕ್ಕೆ ಪರವಾನಗಿ, ಯಾವ ಗಾತ್ರ ಎಂಬುದನ್ನು ಹತ್ತಿರದ ಮತ್ಸ್ಯಭವನದಲ್ಲಿ (ಮೀನುಗಾರಿಕೆ ಇಲಾಖೆಯ ಕಚೇರಿ) ಒಮ್ಮೆ ಕೇಳಿಕೊಂಡರೆ ದಡದಲ್ಲಿ ಯಾರಿಗೂ ಉತ್ತರ ಹುಡುಕಬೇಕಾಗಿಲ್ಲ. ವಿಷ, ಕರೆಂಟು, ತೋಟೆ ಬಳಸುವುದು ಅಪರಾಧ.

ಇನ್ನು ಟೊಳ್ಳು ಏಡಿಯ ವಿಷಯ. ಏಡಿ ಬೆಳೆಯುವಾಗ ಹಳೆ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ದೊಡ್ಡದು, ಒಳಗೆ ಬರೀ ನೀರು. ಹುಣ್ಣಿಮೆಯ ಏಡಿ ಟೊಳ್ಳು ಎಂದು ಕರಾವಳಿಯಲ್ಲಿ ಹೇಳುವುದುಂಟು. ಆಕಾಶ ನೋಡುವುದಕ್ಕಿಂತ ಏಡಿಯನ್ನೇ ಒತ್ತಿ ನೋಡುವುದು ಖಚಿತ. ಕಾಲುಗಳ ಬುಡದ ಬಳಿ ಹೊಟ್ಟೆಯ ಚಿಪ್ಪನ್ನು ಹೆಬ್ಬೆರಳಲ್ಲಿ ಒತ್ತಿ. ಬಗ್ಗಿದರೆ ಟೊಳ್ಳು, ಬಿಟ್ಟುಬಿಡಿ, ಕೆಲವು ವಾರಗಳಲ್ಲಿ ತುಂಬುತ್ತದೆ. ಚಿಪ್ಪು ಹೊಳೆಯುತ್ತಾ ಹೊಚ್ಚಹೊಸದರಂತೆ ಕಂಡರೂ ಸಂಶಯ ಪಡಿ. ಮಾಸಲು ಚಿಪ್ಪು, ಅದರ ಮೇಲೆ ಅಂಟಿದ ಸಣ್ಣ ಚಿಪ್ಪುಹುಳುಗಳು, ಸವೆದ ಇಕ್ಕಳದ ಹಲ್ಲು ತುಂಬಿದ ಏಡಿಯ ಲಕ್ಷಣ. ನೋಡಲು ಚೆಂದದ್ದು ಪಾತ್ರೆಗೆ ಚೆಂದವಲ್ಲ.

ಮೈಮೇಲೆ ಎಚ್ಚರ

ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ, ಬರಿಗಾಲಿಗೆ ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನಂತೆ. ಹಿಮ್ಮಡಿ ಮುಚ್ಚುವ ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ಮೊಣಕಾಲಿನವರೆಗೆ ಹೂತರೆ ನಿಂತಲ್ಲೇ ಕಾಲು ಕೀಳಲು ಹೆಣಗಬೇಡಿ. ಹಿಂದಕ್ಕೆ ಒರಗಿ ಕೂತು, ಭಾರ ಹಂಚಿ, ಒಂದೊಂದೇ ಕಾಲು ಬಿಡಿಸಿಕೊಳ್ಳಿ. ಅಳಿವೆಯ ಮರಳು ದಿಬ್ಬದ ಮೇಲೆ ನಡೆದು ಹೋಗಿ ಬಲೆ ಹಾಕುವವರು ಉಬ್ಬರ ಹಿಂದಿನಿಂದ ಸುತ್ತುವರಿಯುವುದನ್ನು ಮರೆಯುತ್ತಾರೆ. ಗಾಳಿ ಮಳೆಯ ಸೂಚನೆ ಇಲ್ಲದೆಯೂ ತೆರೆ ಉಕ್ಕಿ ಬರುವ ಕಳ್ಳಕಡಲ್ ಈ ಕರಾವಳಿಯಲ್ಲಿ ಬೇಸಗೆಯಲ್ಲೂ ಬರುತ್ತದೆ. ಇನ್‌ಕಾಯಿಸ್ ಎಚ್ಚರಿಕೆ ಇರುವ ದಿನ ಅಳಿವೆ, ಕಡಲ್ಗೋಡೆಯ ಹತ್ತಿರ ಹೋಗಬೇಡಿ. ಅಕ್ಟೋಬರ್, ನವೆಂಬರಿನ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದೊಡನೆ ಬಲೆ ಬಿಟ್ಟು ಮೇಲೆ ಬನ್ನಿ. ರಾತ್ರಿ ಒಬ್ಬರೇ ಬೇಡ.

ಮನೆಗೆ, ಒಲೆಗೆ

ಬಕೆಟಿನಲ್ಲಿ ನೀರು ತುಂಬಿ ಏಡಿ ಬಿಡುವುದು ಎಲ್ಲರೂ ಮಾಡುವ ತಪ್ಪು. ನಿಂತ ನೀರಿನ ಆಮ್ಲಜನಕ ಸ್ವಲ್ಪ ಹೊತ್ತಿಗೇ ಮುಗಿದು ಏಡಿ ಉಸಿರುಗಟ್ಟುತ್ತದೆ. ಕೆಸರೇಡಿಯನ್ನು ಹೊಳೆನೀರಿನಲ್ಲಿ ಅದ್ದಿದ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟರೆ ಮರುದಿನದವರೆಗೂ ಜೀವಂತ ಇರುತ್ತದೆ. ನೀಲಿ ಏಡಿ, ಚುಕ್ಕೆ ಏಡಿಗಳನ್ನು ಹಿಡಿದ ಕೂಡಲೇ ಐಸಿಗೆ ಹಾಕಿ. ಮನೆ ತಲುಪುವ ಹೊತ್ತಿಗೆ ಬಿಸಿಲಲ್ಲಿ ಸತ್ತು ಬಿದ್ದಿರುವ ಏಡಿಯನ್ನು ಅಡುಗೆ ಮಾಡಬೇಡಿ, ಅದರ ಮಾಂಸ ಬಹಳ ಬೇಗ ಕೆಡುತ್ತದೆ.

ಜೀವಂತ ಏಡಿಯನ್ನು ನೇರ ಕುದಿನೀರಿಗೆ ಹಾಕಿದರೆ ಒದ್ದಾಡಿ ಕಾಲು ಉದುರಿಸುತ್ತದೆ, ನೋಡುವವರಿಗೂ ಹಿಂಸೆ. ಐಸ್ ನೀರಿನಲ್ಲಿ ಅಥವಾ ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು, ಅಲುಗಾಟ ನಿಂತ ಮೇಲೆ ಹೊಟ್ಟೆಯ ಪಟ್ಟಿ ಎತ್ತಿ ಅದರಡಿ ಚೂಪು ಚಾಕು ಇಳಿಸಿ. ನಂತರ ಪಟ್ಟಿ ಕಿತ್ತು, ಹಿಂದಿನಿಂದ ಬೆನ್ನ ಚಿಪ್ಪು ಎಬ್ಬಿಸಿ. ಎರಡೂ ಬದಿಯ ಬೂದು ಬಣ್ಣದ, ಗರಿಯಂಥ ಕಿವಿರುಗಳನ್ನು ತೆಗೆದು ಬಿಸಾಡಿ. ಕಿವಿರಿಗೆ ಬಿಳಿ ಸಣ್ಣ ಜೀವಿಗಳು ಅಂಟಿರುವುದುಂಟು, ಮಾಂಸಕ್ಕೆ ಅದರಿಂದ ತೊಂದರೆ ಇಲ್ಲ. ಇಕ್ಕಳಗಳನ್ನು ಅರೆಯುವ ಕಲ್ಲಿನ ಗುಂಡಿನಿಂದ ಒಂದು ಪೆಟ್ಟು ಕೊಟ್ಟು ಬಿರುಕು ಬಿಡಿಸಿದರೆ ಮಸಾಲೆ ಒಳಗಿಳಿಯುತ್ತದೆ. ಪುಡಿ ಮಾಡಬೇಡಿ, ಚಿಪ್ಪಿನ ಚೂರು ಗಂಟಲಿಗೆ ಹೋಗುತ್ತದೆ. ಕತ್ತರಿಸಿದ ಮೇಲೆ ನೀರಿನಲ್ಲಿ ನೆನೆಸಿಟ್ಟರೆ ರುಚಿಯೆಲ್ಲ ಬಚ್ಚಲಿಗೆ.

ಸುಕ್ಕವೋ ಗಸಿಯೋ ನಿಮ್ಮ ಮನೆಯ ಕ್ರಮದಂತೆ ಮಾಡಿ, ಪಾಕ ಹೇಳಿಕೊಡುವ ಧೈರ್ಯ ನಮಗಿಲ್ಲ. ಅರ್ಧ ಕಿಲೋ ತೂಕದ ಏಡಿಯ ತುಂಡುಗಳು ಮುಚ್ಚಿದ ಪಾತ್ರೆಯಲ್ಲಿ 15 ನಿಮಿಷ ಚೆನ್ನಾಗಿ ಬೇಯಬೇಕು. ಚಿಪ್ಪು ಕೆಂಪಾದದ್ದು ಬೆಂದದ್ದರ ಗುರುತಲ್ಲ, ಅದು ಮೊದಲ ಕೆಲವೇ ನಿಮಿಷದಲ್ಲಿ ಕೆಂಪಾಗುತ್ತದೆ. ಇಕ್ಕಳದ ಬುಡದ ಮಾಂಸ ಗಾಜಿನಂತಿರದೆ ಬೆಳ್ಳಗಾಗಿ ಬಿಡಿಬಿಡಿಯಾಗಿ ಬಂದರೆ ಇಳಿಸಿ. ಸಿಗಡಿ ತಿಂದರೆ ಮೈ ತುರಿಸುವವರಿಗೆ ಏಡಿಯೂ ಆಗದಿರಬಹುದು, ಬಡಿಸುವ ಮೊದಲು ಕೇಳಿ.

ಊಟಕ್ಕೆ ಕೂರುವ ಮೊದಲು ಬಲೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ನೇತುಹಾಕಿ. ಬಿಸಿಲಿಗೆ ನೂಲು ಸುಲಿಯುತ್ತದೆ, ಎರೆಯ ಚೀಲ ಅದರಲ್ಲೇ ಉಳಿದರೆ ರಾತ್ರಿ ಇಲಿ ಬಂದು ಬಲೆಗೇ ಕಣ್ಣು ಕೊರೆಯುತ್ತದೆ. ತಿಂದು ಉಳಿದ ಚಿಪ್ಪು ತೆಂಗಿನ ಬುಡಕ್ಕೆ ಒಳ್ಳೆಯದು. ಒಂದು ಮೊಳ ಆಳಕ್ಕೆ ಹೂಳಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ನಾಯಿಗಳು ಅಂಗಳದ ತುಂಬ ಹರಡಿರುತ್ತವೆ.